ಫ್ರೀಜರಿನ ಹರಳು, ತೊಟ್ಟಿಯ ಮೋಡ

ಮೇ ತಿಂಗಳ ಮಧ್ಯಾಹ್ನ ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತರೆ ನೆಲದ ಕಾವು ಚಪ್ಪಲಿ ದಾಟಿ ಅಂಗಾಲು ಸುಡುತ್ತದೆ. ಅಲ್ಲಿಂದ ನೆಟ್ಟಗೆ ಐದು ಕಿಲೋಮೀಟರಿನಷ್ಟು ಮೇಲೇರಿದರೆ ಶೂನ್ಯ ಡಿಗ್ರಿ. ಸಂಜೆ ಏಳುವ ಗುಡುಗುಮೋಡದ ತಲೆಯಲ್ಲಿರುವುದು ಮಂಜುಗಡ್ಡೆಯ ಹರಳು.

ಆದರೆ ಶೂನ್ಯ ದಾಟಿದ ಮಾತ್ರಕ್ಕೆ ಮೋಡದ ಹನಿ ಗಟ್ಟಿಯಾಗುವುದಿಲ್ಲ. ಶುದ್ಧವಾದ ಸಣ್ಣ ಹನಿ ಮೈನಸ್ 38 ಡಿಗ್ರಿಯ ಆಸುಪಾಸಿನವರೆಗೂ ನೀರಾಗಿಯೇ ಉಳಿಯಬಲ್ಲದು. ಹಾಲಿಗೆ ಹೆಪ್ಪು ಬೇಕಾದಂತೆ ಅದಕ್ಕೂ ಒಂದು ಕಣ ಬೇಕು.

ಆ ಹೆಪ್ಪನ್ನೇ ಹುಡುಕುತ್ತಿದ್ದವರು ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ವಿನ್ಸೆಂಟ್ ಶೇಫರ್. ಮನೆಬಳಕೆಯ ಒಂದು ಫ್ರೀಜರ್, ಒಳಗೆ ಕಪ್ಪು ಮಖಮಲ್ಲು, ಒಂದು ದೀಪ. ಉಸಿರು ಊದಿದರೆ ಮೋಡ ರೆಡಿ. ಮಣ್ಣು, ಟಾಲ್ಕ್, ಏನೇನೋ ಪುಡಿ ಉದುರಿಸಿ ನೋಡಿದರು, ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. 1946ರ ಜುಲೈನ ಒಂದು ಸೆಕೆಯ ದಿನ ಪೆಟ್ಟಿಗೆ ಸಾಕಷ್ಟು ತಣ್ಣಗಿಲ್ಲವೆಂದು ಒಳಗೆ ಡ್ರೈ ಐಸ್ ಇಟ್ಟರು. ಕಣ್ಣೆದುರೇ ಮೋಡವೆಲ್ಲ ಮಿನುಗುವ ಹರಳಾಯಿತು! ಅದೇ ನವೆಂಬರಿನಲ್ಲಿ ಸಹೋದ್ಯೋಗಿ ಬರ್ನಾರ್ಡ್ ವಾನೆಗಟ್, ಮಂಜುಗಡ್ಡೆಯನ್ನೇ ಹೋಲುವ ಹರಳುರಚನೆಯ ಸಿಲ್ವರ್ ಅಯೋಡೈಡ್ ಕಂಡುಕೊಂಡರು. ನಮ್ಮಲ್ಲಿ ಮೋಡ ಬಿತ್ತನೆಯ ವಿಮಾನಗಳು ಇಂದಿಗೂ ಅದನ್ನು ಹೊತ್ತೊಯ್ಯುವುದುಂಟು.

ಹರಳೇನೋ ಸಿಕ್ಕಿತು. ಮೋಡ ಏಳುವ ಪರಿ ಫ್ರೀಜರಿನಲ್ಲಿ ಸಿಗಲಿಲ್ಲ. ಆವಿ ಹನಿಯಾಗುವಾಗ, ಹನಿ ಹರಳಾಗುವಾಗ ಶಾಖ ಹೊರಬೀಳುತ್ತದೆ; ಮೋಡವನ್ನು ಮೇಲಕ್ಕೆ ದೂಡುವುದು ಆ ಶಾಖ. ಅದನ್ನು ಕೋಣೆಯೊಳಗೆ ತರುವ ದಾರಿ ತೆರೆದದ್ದು ಬೆಂಗಳೂರಿನಲ್ಲಿ. ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ ರೊದ್ದಂ ನರಸಿಂಹ ಮತ್ತು ಜಿ.ಎಸ್. ಭಟ್ ಮೊದಲಾದ ವಿಜ್ಞಾನಿಗಳು ಮೋಡವನ್ನು ನೀರಿನಲ್ಲೇ ಕಟ್ಟಿದರು. ಗಾಜಿನ ತೊಟ್ಟಿಯ ತುಂಬ ಅಯಾನು ತೆಗೆದ ನೀರು. ತಳದಿಂದ ಚಿಮ್ಮುವ ಧಾರೆಗೆ ಮಾತ್ರ ಚೂರು ಆಮ್ಲ. ಅಡ್ಡಲಾಗಿ ಸೆಳೆದ ಸಣ್ಣ ತಂತಿಗಳ ನಡುವೆ ವಿದ್ಯುತ್ ಹರಿಸಿದರೆ ಆಮ್ಲವಿರುವ ಧಾರೆಯಷ್ಟೇ ಬಿಸಿಯಾಗುತ್ತದೆ, ಸುತ್ತಲ ನೀರು ಹಾಗೇ ಇರುತ್ತದೆ. ಎಷ್ಟು ಸರಳ, ಎಷ್ಟು ಚೆಂದದ ಉಪಾಯ! ಶಾಖ ಕೊಡದಿದ್ದಾಗ ಸುತ್ತಲಿನದನ್ನು ಎಳೆದುಕೊಂಡು ಅಗಲವಾಗುತ್ತಲೇ ಹೋಗುವ ಧಾರೆ, ಶಾಖ ತಗುಲಿದ್ದೇ ಅಗಲವಾಗುವುದನ್ನು ಬಿಟ್ಟು ಕಂಬದಂತೆ ಏಳುತ್ತದೆ. ತಂಡದ ಪ್ರಬಂಧ 2011ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಅದರ ಚಿತ್ರಗಳಲ್ಲಿ ನೀರಿನ ಧಾರೆ ಅಪ್ಪಟ ಮೋಡವೇ.

ಆ ತೊಟ್ಟಿಯಲ್ಲಿ ಹರಳಿಲ್ಲ, ಶೇಫರರ ಪೆಟ್ಟಿಗೆಯಲ್ಲಿ ಏರಿಕೆಯಿಲ್ಲ. ಎರಡನ್ನೂ ಒಟ್ಟಿಗೆ ನೋಡಲು ವಿಶಾಖಪಟ್ಟಣದ ಕಡಲತೀರಕ್ಕೇ ಹೋಗಬೇಕು. ಡಾಲ್ಫಿನ್ಸ್ ನೋಸ್ ಗುಡ್ಡದಾಚೆ ಹೂಕೋಸಿನಂತೆ ಉಬ್ಬುವ ಮೋಡದ ಅಂಚು ಮೊದಲು ಕತ್ತರಿಸಿಟ್ಟಂತೆ ಸ್ಪಷ್ಟ. ನೋಡುತ್ತಿದ್ದಂತೆ ಅದರ ನೆತ್ತಿ ಮಸುಕಾಗಿ, ಹಿಂಜಿದ ಅರಳೆಯಂತೆ ಎಳೆಎಳೆಯಾಗಿ ಹರಡುತ್ತದೆ. ಅಲ್ಲಿ ಹನಿ ಹರಳಾಗಿದೆ.