ನೀರು ಎಳೆಯುವ ರೈಲು

ರಜೆಗೆಂದು ಬ್ರಿಸ್ಟಲ್‌ನ ಅಕ್ಕನ ಮನೆಗೆ ಹೋಗಿದ್ದೆ. ‘ಎಂಜಿನಿಯರಮ್ಮಾ, ನಿನಗೆ ಲಂಡನ್‌ಗಿಂತ ಇದು ಇಷ್ಟವಾಗುತ್ತೆ’ ಎಂದು ಭಾವ ಕಾರಿನಲ್ಲಿ ಕರೆದುಕೊಂಡು ಹೋದದ್ದು ಲಿನ್ಮತ್‌ಗೆ. ಡೆವನ್ ಕಡಲತೀರದ ಪುಟ್ಟ ಊರು. ಅದರ ಬೆನ್ನಿಗೇ ಕಡಿದಾದ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಲಿಂಟನ್ ಎಂಬ ಇನ್ನೊಂದು ಊರು. ಎರಡರ ನಡುವೆ 1890ರಿಂದ ಓಡಾಡುತ್ತಿರುವ ರೈಲಿಗೆ ಎಂಜಿನ್ನೂ ಇಲ್ಲ, ಕರೆಂಟೂ ಬೇಡ!

ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ ಕೇಬಲ್ಲಿಗೆ ಎರಡು ಬೋಗಿ. ಪ್ರತಿ ಬೋಗಿಯ ಅಡಿಯಲ್ಲಿ 700 ಗ್ಯಾಲನ್ನಿನ ಟ್ಯಾಂಕ್. ವೆಸ್ಟ್ ಲಿನ್ ನದಿಯಿಂದ ಪೈಪಿನಲ್ಲಿ ಬರುವ ನೀರನ್ನು ಮೇಲಿನ ಬೋಗಿಗೆ ತುಂಬುತ್ತಾರೆ. ಕೆಳಗಿನ ಬೋಗಿಯ ಚಾಲಕ ತನ್ನ ಟ್ಯಾಂಕಿನ ನೀರು ಬಿಟ್ಟು ಹಗುರ ಮಾಡುತ್ತಾನೆ. ಮೇಲಿನದು ಭಾರಕ್ಕೆ ಇಳಿಯುತ್ತಾ ಇನ್ನೊಂದನ್ನು 500 ಅಡಿ ಎತ್ತರಕ್ಕೆ ಎಳೆಯುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ರಾಟೆಯ ಲೆಕ್ಕಕ್ಕೆ ‘ಘರ್ಷಣೆಯನ್ನು ಬಿಟ್ಟುಬಿಡಿ’ ಎಂದಿರುತ್ತಿತ್ತು. ಇಲ್ಲಿ ಬ್ರೇಕ್ ಹಿಡಿದು ನಿಂತವನನ್ನು ಕಂಡಾಗ ಆ ಲೆಕ್ಕ ನೆನಪಾಗಿ ನಗು ಬಂತು. ಇದನ್ನು ವಿನ್ಯಾಸ ಮಾಡಿದ ಜಾರ್ಜ್ ಮಾರ್ಕ್ಸ್‌ಗೆ ಹಣ ಒದಗಿಸಿದವರು ಪ್ರಕಾಶಕ ಜಾರ್ಜ್ ನ್ಯೂನ್ಸ್. ಷರ್ಲಾಕ್ ಹೋಮ್ಸ್ ಕಥೆಗಳು ಬರುತ್ತಿದ್ದ ‘ಸ್ಟ್ರ್ಯಾಂಡ್’ ಪತ್ರಿಕೆ ಇವರದೇ.

ಕೆಳಗಿಳಿದ ಮೇಲೆ ಪ್ರವಾಹದ ಸ್ಮಾರಕ ಭವನಕ್ಕೆ ಹೋದೆವು. ಮುರಿದ ಮನೆಗಳ ಫೋಟೊಗಳು, ಹಳೆಯ ಊರಿನ ಮಾದರಿ. 1952ರ ಆಗಸ್ಟ್ 15ರಂದು ಎಕ್ಸ್‌ಮೂರ್ ಗುಡ್ಡಗಳಲ್ಲಿ ಸುಮಾರು 9 ಇಂಚು ಮಳೆ ಸುರಿದಿತ್ತು. ಜಾಗಕ್ಕಾಗಿ ವೆಸ್ಟ್ ಲಿನ್ ನದಿಯನ್ನು ಮೊದಲೇ ಮೋರಿಯೊಳಗೆ ತಳ್ಳಿ, ಅದರ ಪಾತ್ರದಲ್ಲಿ ಕಟ್ಟಡ ಎಬ್ಬಿಸಿದ್ದರು. ಬಂಡೆ, ಮರ ಸಿಕ್ಕಿಕೊಂಡು ಮೋರಿ ಕಟ್ಟಿತು. ನದಿ ಊರೊಳಗೇ ನುಗ್ಗಿತು. 34 ಜನ ಸತ್ತರು. ನಮ್ಮನ್ನು ಗುಡ್ಡ ಹತ್ತಿಸಿದ್ದೂ ಅದೇ ನದಿಯ ನೀರು.

ತಾರೀಕು ಓದಿದ ಅಕ್ಕ ನನ್ನ ಕೈ ಹಿಡಿದಳು. 2018ರಲ್ಲಿ ನಮ್ಮ ಕೊಡಗಿನ ಗುಡ್ಡಗಳು ಜರಿದದ್ದೂ ಆಗಸ್ಟ್‌ನ ಅದೇ ದಿನಗಳಲ್ಲಿ. ನಾನಾಗ ಹೈಸ್ಕೂಲು. ಜೋಡುಪಾಲದ ಕಡೆಯ ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿ ಚಾಪೆಯ ಮೇಲೆ ಮಲಗಿದ್ದೆವು. ಪುಸ್ತಕದ ಚೀಲ ತರಲಿಲ್ಲವೆಂದು ನಾನು ಅತ್ತಿದ್ದೆ. ಈಗ ನಾಚಿಕೆಯಾಗುತ್ತದೆ.

ಲಿನ್ಮತ್‌ನಲ್ಲಿ ಆಮೇಲೆ ನದಿಗೆ ಅಗಲವಾದ ದಾರಿ ಬಿಟ್ಟಿದ್ದಾರೆ. ಸೇತುವೆಯ ಮೇಲೆ ನಿಂತು ಅದನ್ನೇ ತುಂಬಾ ಹೊತ್ತು ನೋಡಿದೆ. ರೈಲಿನಷ್ಟೇ ಇದೂ ಎಂಜಿನಿಯರಿಂಗ್ ಅನ್ನಿಸಿತು.

ಅಲ್ಲಿಂದಲೇ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ, ರೈಲು ಏರುವುದನ್ನು ತೋರಿಸಿದೆ. ಅಮ್ಮ ರೈಲಿನ ಬಗ್ಗೆ ಏನೂ ಕೇಳಲಿಲ್ಲ.

‘ಆ ಗುಡ್ಡ ಗಟ್ಟಿ ಉಂಟಾ ಮಗಾ?’ ಅಂದಳು.