ಖರ್ಜದ ಷಡ್ಜ, ಮೂರೇ ರಾಗ

ಹುಬ್ಬಳ್ಳಿ ಮಗ್ಗುಲಿನ ಕುಂದಗೋಳದಲ್ಲಿ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರು ಶಿಷ್ಯ ಭೀಮಸೇನ ಜೋಶಿಯವರಿಗೆ ವರ್ಷಗಟ್ಟಲೆ ತಿದ್ದಿ ತೀಡಿದ್ದು ಮುಖ್ಯವಾಗಿ ಮೂರೇ ರಾಗ: ಮುಂಜಾನೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಕಲಿಯುತ್ತಿದ್ದ ಗಂಗೂಬಾಯಿ ಹಾನಗಲ್ ಅವರಿಗೂ ಒಂದೇ ಪಲ್ಟಾ, ಅಂದರೆ ಒಂದೇ ಸ್ವರಜೋಡಣೆಯ ಪಾಠ, ದಿನಗಟ್ಟಲೆ. ಈ ತಾಲೀಮಿನ ತಳಪಾಯ ಖರ್ಜದ ಸಾಧನೆ, ಅಂದರೆ ಮುಂಜಾನೆ ಮಂದ್ರ ಷಡ್ಜವನ್ನು (ಕೆಳಸಪ್ತಕದ ‘ಸ’) ಉಸಿರು ಮುಗಿಯುವವರೆಗೆ ಹಿಡಿದು ನಿಲ್ಲುವುದು.

ಸ್ವರ ಕೆಳಗಿಳಿದಂತೆ ಧ್ವನಿತಂತುಗಳು ಗಿಡ್ಡಾಗಿ, ದಪ್ಪಗಾಗಿ ಸಡಿಲಗೊಳ್ಳುತ್ತವೆ. ಹಾರ್ಮೋನಿಯಂನ ಕರಿ ಒಂದರ ಶ್ರುತಿಯಲ್ಲಿ ಹಾಡುವವರ ಮಧ್ಯ ಷಡ್ಜ ಸೆಕೆಂಡಿಗೆ ಸುಮಾರು 139 ಕಂಪನ, ಖರ್ಜದ್ದು ಅದರರ್ಧ. ಇಲ್ಲಿ ಉಸಿರನ್ನು ಜೋರಾಗಿ ತಳ್ಳಿದರೆ ಸ್ವರ ಮೇಲೆ ಸರಿಯುತ್ತದೆ, ಇಲ್ಲವೇ ಗೊರಗುಡುತ್ತದೆ. ಒತ್ತಾಯ ನಡೆಯುವುದಿಲ್ಲ.

ಇನ್ನೂ ಸೊಗಸಾದದ್ದು ತಂಬೂರಿಯ ಕೆಲಸ. ಪ್ರತಿ ಸ್ವರದೊಳಗೂ ಅದರ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳು ಅಡಗಿರುತ್ತವೆ. ಖರ್ಜ ಷಡ್ಜದ ಎರಡು ಪಟ್ಟು ಮಧ್ಯ ಷಡ್ಜ, ಮೂರು ಪಟ್ಟು ಪಂಚಮ, ನಾಲ್ಕು ಪಟ್ಟು ತಾರ ಷಡ್ಜ. ತಂಬೂರಿಯಲ್ಲೂ ಇವೇ ಮೊಳಗುತ್ತಿರುತ್ತವೆ. ಕಂಠ ಸೆಕೆಂಡಿಗೆ ಅರ್ಧ ಕಂಪನದಷ್ಟು ಏರಿದರೆ ನಾಲ್ಕನೇ ಪಟ್ಟಿನಲ್ಲಿ ಆ ಅಂತರ ಎರಡಾಗುತ್ತದೆ. ನಾದ ಸೆಕೆಂಡಿಗೆ ಎರಡು ಸಲ ತೂಗಾಡುತ್ತದೆ. ಗುರು ಬಾಯಿ ತೆರೆಯುವ ಮೊದಲೇ ಪಳಗಿದ ಕಿವಿಗೆ ತಪ್ಪು ಗೊತ್ತಾಗುತ್ತದೆ.

ರಾಗಗಳ ಆಯ್ಕೆಯಂತೂ ಬೆರಗು ಹುಟ್ಟಿಸುವಂಥದ್ದು. ತೋಡಿಗೂ ಮುಲ್ತಾನಿಗೂ ಸ್ವರಗಳು ಅವೇ: ಕೋಮಲ ರಿಷಭ, ಗಾಂಧಾರ, ಧೈವತ, ತೀವ್ರ ಮಧ್ಯಮ. ಆದರೆ ಮುಲ್ತಾನಿ ಏರುವಾಗ ರಿಷಭ, ಧೈವತ ಬಿಡುತ್ತದೆ. ಅದರ ಗಾಂಧಾರ ಮಧ್ಯಮದ ಕಡೆಗೆ ವಾಲುತ್ತದೆ. ಒಂದರಲ್ಲಿ ಇನ್ನೊಂದು ನುಸುಳದಂತೆ ಕಾಯುವುದೇ ದೊಡ್ಡ ತಾಲೀಮು. ಪೂರಿಯಾದಲ್ಲಿ ಆಸರೆಗೆ ಪಂಚಮವೇ ಇಲ್ಲ. ಅದರ ವಿಸ್ತಾರ ಹೆಚ್ಚಾಗಿ ಮಂದ್ರ, ಮಧ್ಯ ಸಪ್ತಕಗಳಲ್ಲಿ. ಮುಂಜಾನೆಯ ಖರ್ಜ ಸಂಜೆ ಇಲ್ಲಿ ಕೈಹಿಡಿಯುತ್ತದೆ. ಪರೀಕ್ಷೆಯ ಪಟ್ಟಿಗಾಗಿ ರಾಗದ ಮೇಲೆ ರಾಗ ಕಲಿಯುವ ಇಂದಿನ ಮಕ್ಕಳಿಗೆ ಈ ಪುರಸೊತ್ತು ಸಿಗುತ್ತಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಪಶ್ಚಿಮದಲ್ಲಿ ಟ್ಯೂಬಾ ಎಂಬ ಹಿತ್ತಾಳೆಯ ಊದುವಾದ್ಯ ನುಡಿಸುವವರ ಅಭ್ಯಾಸವೂ ಖರ್ಜದ ಈ ಸಾಧನೆಗೆ ಹತ್ತಿರ. ದೊಡ್ಡ ಟ್ಯೂಬಾದ ಕೊಳವೆ ಬಿಚ್ಚಿದರೆ ಸುಮಾರು ಐದೂವರೆ ಮೀಟರ್. ಅಲ್ಲಿ ಕಂಪಿಸುವುದು ತುಟಿ. ಅವರೂ ಕೆಳಸ್ವರಗಳನ್ನು ದೀರ್ಘವಾಗಿ ಊದಿ ಪಳಗುತ್ತಾರೆ. ಇಟಲಿಯ ಗಾಯಕ ಮಾರ್ಕೊ ಬೋರ್ಡೋನಿ (1789–1856) ಹಾಡುಗಾರರಿಗೆಂದು ಬರೆದ ಪಾಠಗಳು ಇಂದು ಟ್ಯೂಬಾ ವಾದಕರ ನಿತ್ಯದ ಅಭ್ಯಾಸದಲ್ಲಿವೆ. ಚಿಕಾಗೊ ಸಿಂಫನಿಯಲ್ಲಿ 1944ರಿಂದ 1988ರವರೆಗೆ ಟ್ಯೂಬಾ ನುಡಿಸಿದ ಆರ್ನಾಲ್ಡ್ ಜೇಕಬ್ಸ್ ಶಿಷ್ಯರಿಗೆ ಕಲಿಸಿದ್ದೂ ಇದನ್ನೇ: ಸ್ನಾಯುಗಳ ಚಿಂತೆ ಬಿಟ್ಟು, ಮನಸ್ಸಿನಲ್ಲಿ ಹಾಡಿಕೊಳ್ಳುತ್ತ ಉಸಿರು ಹರಿಸುವುದು.