ಇನ್ವೆಸ್ಟರ್ ಯಾಕೆ ರಿಪ್ಲೈ ಮಾಡಲ್ಲ?

ಈಗ ನಮ್ಮ ಹಾಸ್ಟೆಲ್‌ನಲ್ಲಿ ಫ್ಲೋರಿಗೊಂದು ಸ್ಟಾರ್ಟಪ್. ಆಪ್ ಅರ್ಧ ಆಗಿರುತ್ತೆ, ಲೋಗೋ ರೆಡಿ, ಪಿಚ್ ಡೆಕ್ ಅಂತೂ ಯಾವಾಗಲೋ ರೆಡಿ. ನಲವತ್ತು ಇನ್ವೆಸ್ಟರ್‌ಗಳಿಗೆ ಮೇಲ್ ಹೋಗುತ್ತೆ, ಒಬ್ಬರಿಂದಲೂ ಉತ್ತರ ಬರಲ್ಲ. "ನಮ್ಮದು ಐಐಟಿ ಅಲ್ವಲ್ಲ, ಅದಕ್ಕೇ" ಅಂತ ಬೇಜಾರು. ಆ ಮಾತಲ್ಲಿ ಸ್ವಲ್ಪ ನಿಜ ಇದೆ, ಅದಕ್ಕೆ ಆಮೇಲೆ ಬರೋಣ. ಮೊದಲು ಅವರ ಲೆಕ್ಕ ನೋಡೋಣ.

ವೆಂಚರ್ ಕ್ಯಾಪಿಟಲ್‌ನವರು ಹಾಕೋದು ಹೆಚ್ಚಿನಂಶ ಬೇರೆಯವರ ದುಡ್ಡು. ಪೆನ್ಶನ್ ಫಂಡ್‌ಗಳು, ವಿಶ್ವವಿದ್ಯಾಲಯಗಳ ನಿಧಿಗಳು, ಶ್ರೀಮಂತ ಕುಟುಂಬಗಳು ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಲಾಭ ಸಮೇತ ವಾಪಸ್ ಕೊಡಬೇಕು. 100 ಕೋಟಿಯ ಫಂಡ್ ಒಂದು 25 ಕಂಪನಿಗಳಿಗೆ ದುಡ್ಡು ಹಾಕಿತು ಅಂದ್ಕೊಳ್ಳಿ. ಅದರಲ್ಲಿ ಅರ್ಧ ಮುಳುಗಬಹುದು ಅಂತ ಅವರಿಗೆ ಮೊದಲೇ ಗೊತ್ತು. ಫಂಡನ್ನು ಉಳಿಸೋದು ಒಂದೋ ಎರಡೋ ಕಂಪನಿ ಅಷ್ಟೇ. ಹಾಗಾಗಿ ಅವರ ಪ್ರಶ್ನೆ "ಇದು ಲಾಭ ಮಾಡುತ್ತಾ?" ಅಂತಲ್ಲ, "ಇದೊಂದೇ ನನ್ನ 100 ಕೋಟಿ ವಾಪಸ್ ತರುತ್ತಾ?" ಅಂತ.

ಬೆಣ್ಣೆದೋಸೆ ಹೋಟೆಲ್ ಒಂದು ದಿನಾ ಕ್ಯೂ ನಿಲ್ಲಿಸಿಕೊಂಡು, ಮೂರು ಬ್ರಾಂಚ್ ತೆಗೆದು ಚೆನ್ನಾಗಿ ದುಡೀಬಹುದು. ಒಳ್ಳೇ ವ್ಯಾಪಾರವೇ, ಆದರೆ ಅದಕ್ಕೆ ಬ್ಯಾಂಕ್ ಸಾಲ ಸರಿ, ವಿಸಿ ಅಲ್ಲ. ನಮ್ಮಲ್ಲಿ ಎಷ್ಟೋ ಐಡಿಯಾಗಳು ಈ ಜಾತಿಯವು. ಅದರಲ್ಲಿ ಅವಮಾನ ಏನೂ ಇಲ್ಲ.

ಫ್ಲಿಪ್‌ಕಾರ್ಟ್ ಉದಾಹರಣೆ ಹಳೇದಾದರೂ ಇಲ್ಲಿ ಉಪಯೋಗಕ್ಕೆ ಬರುತ್ತೆ. 2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಬೆಂಗಳೂರಲ್ಲಿ ಶುರು ಮಾಡಿದಾಗ ಮಾರುತ್ತಿದ್ದದ್ದು ಪುಸ್ತಕ ಮಾತ್ರ. ಗಂಗಾರಾಮ್ಸ್ ಪುಸ್ತಕದಂಗಡಿ ಮುಂದೆ ನಿಂತು ಹೊರಗೆ ಬಂದವರಿಗೆ ಬುಕ್‌ಮಾರ್ಕ್ ಹಂಚಿದ್ದಾರೆ. ಆಕ್ಸೆಲ್ ಸುಮಾರು 10 ಲಕ್ಷ ಡಾಲರ್ ಹಾಕಿದ್ದು 2009ರಲ್ಲಿ. ಅಂದ್ರೆ ದುಡ್ಡು ಬರೋ ಹೊತ್ತಿಗೆ ಆರ್ಡರ್ ಮಾಡೋ ಜನ ಆಗಲೇ ಇದ್ರು, ಸ್ಲೈಡ್ ಮೇಲೆ ಅಲ್ಲ, ನಿಜವಾಗಿ. ಇದನ್ನೇ ಇನ್ವೆಸ್ಟರ್‌ಗಳು ಟ್ರ್ಯಾಕ್ಷನ್ ಅನ್ನೋದು.

ಈಗ ಆ ಐಐಟಿ ಮಾತು. ಇಬ್ಬರೂ ಐಐಟಿ ದೆಹಲಿಯವರು, ಅಮೆಜಾನ್‌ನಲ್ಲಿ ಕೆಲಸ ಮಾಡಿದ್ದವರು. ಇನ್ವೆಸ್ಟರ್‌ಗಳು ಡೀಲ್ ಹುಡುಕೋದು ಹೆಚ್ಚಾಗಿ ಪರಿಚಯದಿಂದ. ತಾವು ಮೊದಲೇ ದುಡ್ಡು ಹಾಕಿದ ಫೌಂಡರ್ "ಇವರನ್ನ ಒಂದ್ಸಲ ನೋಡಿ" ಅಂದ್ರೆ ಆ ಡೆಕ್ ತೆರೀತಾರೆ. ಏಂಜೆಲ್ ಇನ್ವೆಸ್ಟರ್‌ಗಳು, ಆಕ್ಸಿಲರೇಟರ್‌ಗಳ ಡೆಮೊ ಡೇ ಕೂಡ ಇದೇ ಕೆಲಸ ಮಾಡ್ತವೆ. ಆಪ್ ಸ್ಟೋರ್ ರ‍್ಯಾಂಕಿಂಗ್, ದೊಡ್ಡ ಕಂಪನಿ ಬಿಟ್ಟು ಹೊರಬಂದವರ ಲಿಂಕ್ಡ್‌ಇನ್ ಪ್ರೊಫೈಲ್ ನೋಡ್ತಾ ಕೂರೋಕೆ ಅಂತಲೇ ಕೆಲವರನ್ನ ಇಟ್ಟುಕೊಂಡಿರ್ತಾರೆ. ಇದು ನ್ಯಾಯ ಅಂತ ನಮಗೇನೂ ಅನಿಸಲ್ಲ. ಆದರೆ ಒಂದು ಸಂದು ಇದೆ: ಇನ್ವೆಸ್ಟರ್‌ಗಿಂತ ಫೌಂಡರ್ ಸಿಗೋದು ಸುಲಭ. ನಮ್ಮ ಕಾಲೇಜಿನ ಸೀನಿಯರ್‌ಗಳು ಕೆಲಸ ಮಾಡೋ ಸ್ಟಾರ್ಟಪ್‌ಗಳಿಂದಲೇ ಶುರು ಮಾಡಬಹುದು. ಮೇಲ್‌ನಲ್ಲಿ "ನಾವು ಮುಂದಿನ ಊಬರ್" ಅಂತ ಬರೆಯೋ ಬದಲು, ಎಷ್ಟು ಜನ ಬಳಸಿದ್ರು, ಅವರಲ್ಲಿ ಎಷ್ಟು ಜನ ಮುಂದಿನ ವಾರ ತಾವಾಗೇ ವಾಪಸ್ ಬಂದ್ರು ಅಂತ ಬರೆದರೆ ಓದೋ ಸಾಧ್ಯತೆ ಹೆಚ್ಚು.

ದುಡ್ಡು ಬಂದರೆ ಏನು ಹೋಗುತ್ತೆ ಅನ್ನೋದನ್ನ ಯಾರೂ ಕೇಳಲ್ಲ. 10 ಪರ್ಸೆಂಟಿಗೆ ಒಂದು ಕೋಟಿ ತಗೊಂಡ್ರೆ, ಆ ಕೋಟಿಯೂ ಸೇರಿ ಕಂಪನಿ ಬೆಲೆ ಹತ್ತು ಕೋಟಿ ಅಂತ ಒಪ್ಪಿದ ಹಾಗೆ. ಪ್ರತಿ ರೌಂಡಲ್ಲೂ 20 ಪರ್ಸೆಂಟ್ ಕೊಟ್ಟರೆ, ಮೂರು ರೌಂಡ್ ಆದಮೇಲೆ ನಿಮಗೆ ಉಳಿಯೋದು 51.2. ಮೂವರು ಫ್ರೆಂಡ್ಸ್ ಇದ್ದರೆ ತಲಾ 17. 2018ರಲ್ಲಿ ವಾಲ್‌ಮಾರ್ಟ್ 1600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟಿನ ಸುಮಾರು 77 ಪರ್ಸೆಂಟ್ ತಗೊಂಡಾಗ ಸಚಿನ್ ಹತ್ರ ಇದ್ದದ್ದು ಐದಾರು ಪರ್ಸೆಂಟ್. ಅಷ್ಟು ದೊಡ್ಡ ಕಂಪನಿಯಲ್ಲಿ ಅದೂ ದೊಡ್ಡ ದುಡ್ಡೇ ಬಿಡಿ. ಚಿಕ್ಕದಕ್ಕೆ ಮುಗಿದರೆ ಕಥೆ ಬೇರೆ. ಕಂಪನಿ 6 ಕೋಟಿಗೆ ಮಾರಾಟ ಆಯ್ತು, ಇನ್ವೆಸ್ಟರ್ ಹಾಕಿದ್ದು 5 ಕೋಟಿ ಅಂತಿಟ್ಕೊಳ್ಳಿ. ಒಪ್ಪಂದದಲ್ಲಿ ಲಿಕ್ವಿಡೇಶನ್ ಪ್ರಿಫರೆನ್ಸ್ ಇದ್ದರೆ ಮೊದಲು ಅವರ 5 ಕೋಟಿ ಹೋಗುತ್ತೆ. ನಾಲ್ಕು ವರ್ಷ ದುಡಿದ ನಿಮಗೆಲ್ಲ ಸೇರಿ ಉಳಿದ ಒಂದು ಕೋಟಿ. ಸಹಿ ಹಾಕೋ ಮುಂಚೆ ಆ ಪುಟವನ್ನ ವಕೀಲರ ಹತ್ರ ಓದಿಸಿ, ಪ್ಲೀಸ್.

ಹೊರಗಿನ ದುಡ್ಡು ಇಲ್ಲದೆ ಬೆಳೆದವರೂ ನಮ್ಮೂರಲ್ಲೇ ಇದ್ದಾರೆ: 2010ರಲ್ಲಿ ಶುರುವಾದ ಝೆರೋಧಾ ವಿಸಿ ದುಡ್ಡು ತಗೊಂಡಿಲ್ಲ. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದ ಸ್ಟಾರ್ಟಪ್‌ಗಳಿಗೆ 50 ಲಕ್ಷದವರೆಗೆ ಅನುದಾನ ಇದೆ, ಬದಲಿಗೆ ಷೇರು ಕೇಳಲ್ಲ. ಡೆಕ್ ಹೇಗೂ ರೆಡಿ ಇದೆಯಲ್ಲ, ಮೊದಲು ಅಲ್ಲಿಗೆ ಹಾಕಿ ನೋಡಿ.